ಎಕ್ಸ್‌ಟರ್ನಲ್ ರೆಕಾರ್ಡರ್ ಕೊಳ್ಳುವ ಮೊದಲು ಕೇಬಲ್‌ನಲ್ಲಿ ಏನು ಬರುತ್ತದೆ ನೋಡಿ

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಮದುವೆ ಶೂಟಿಂಗ್ ಮಾಡುತ್ತೇನೆ. ಹಳೆಯ ಸೋನಿ ಎ7 ಮಾರ್ಕ್ 3 ಇದೆ, ಈಚೆಗೆ ಎಫ್‌ಎಕ್ಸ್3 ತೆಗೆದುಕೊಂಡಿದ್ದೇನೆ. ಮುಂದೆ ಎರಡು ಕೆಲಸ ಇವೆ. ಒಂದು ಕಿರುಚಿತ್ರ, ಇನ್ನೊಂದು ನಮ್ಮೂರ ಬಯಲಾಟದ ಇಡೀ ರಾತ್ರಿಯ ದಾಖಲೆ. ಎಕ್ಸ್‌ಟರ್ನಲ್ ರೆಕಾರ್ಡರ್ (ಕ್ಯಾಮೆರಾದ ಪಿಕ್ಚರನ್ನು ಕೇಬಲ್‌ನಲ್ಲಿ ಪಡೆದು ರೆಕಾರ್ಡ್ ಮಾಡುವ, ಸ್ಕ್ರೀನ್ ಇರುವ ಡಬ್ಬಿ) ಹಾಕಿದರೆ ಪಿಕ್ಚರ್ ಸಿನಿಮಾ ಥರ ಬರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಅಟಮೋಸ್ ನಿಂಜಾ ವಿ ತಗೊಳ್ಳಲಾ, ಬ್ಲ್ಯಾಕ್‌ಮ್ಯಾಜಿಕ್ ವಿಡಿಯೋ ಅಸಿಸ್ಟ್ ತಗೊಳ್ಳಲಾ? ರಾ, ಅಂದರೆ ಸೆನ್ಸರ್‌ನ ಕಚ್ಚಾ ಮಾಹಿತಿಯನ್ನೇ, ರೆಕಾರ್ಡ್ ಮಾಡಲೇಬೇಕಾ?

ಉತ್ತರ: ಪಿಕ್ಚರ್ ಚೆನ್ನಾಗಿ ಬರಲಿ ಎಂಬ ಒಂದೇ ಕಾರಣಕ್ಕಾದರೆ ಬೇಡ. ಎಫ್‌ಎಕ್ಸ್3 ಕೈಯಲ್ಲಿರುವವರಿಗೆ ಅದರಿಂದ ಸಿಗುವ ಲಾಭ ಸಣ್ಣದು. ಆದರೆ ಬಯಲಾಟದ ರಾತ್ರಿಗೆ ಅದೇ ಡಬ್ಬಿ ನಿಜವಾಗಿ ಕೆಲಸಕ್ಕೆ ಬರುತ್ತದೆ, ಅದೂ ನಿಮ್ಮ ಹಳೆಯ ಕ್ಯಾಮೆರಾಕ್ಕೆ. ಹೇಗೆ ಅಂತ ಹೇಳುತ್ತೇನೆ.

ನಿಮ್ಮ ಗೆಳೆಯರ ಮಾತು ಸುಳ್ಳಲ್ಲ, ಹಳತಾಗಿದೆ ಅಷ್ಟೇ. 2014ರಲ್ಲಿ ಪ್ಯಾನಸೋನಿಕ್ ಜಿಎಚ್4 ಬಂದಾಗ ಅದು ಕಾರ್ಡ್‌ಗೆ ಬರೆಯುತ್ತಿದ್ದದ್ದು 8 ಬಿಟ್ ವಿಡಿಯೋ (ಬಿಟ್ ಹೆಚ್ಚಿದಷ್ಟೂ ಬಣ್ಣದ ಮಟ್ಟಗಳು ಹೆಚ್ಚು). ಎಚ್‌ಡಿಎಂಐ ಕೇಬಲ್‌ನಲ್ಲಿ ಮಾತ್ರ 10 ಬಿಟ್ ಬರುತ್ತಿತ್ತು. 2018ರ ನಿಕಾನ್ ಝಡ್6ರ ಕತೆಯೂ ಅದೇ. ಎನ್-ಲಾಗ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ, ಮಂಕಾಗಿ ಕಾಣುವ ನಿಕಾನ್‌ನ ಪಿಕ್ಚರ್ ಸೆಟ್ಟಿಂಗ್) ಬೇಕು ಅಂದರೆ ಕೇಬಲ್ ಹಾಕಲೇಬೇಕಿತ್ತು. ದೊಡ್ಡ ಕ್ಯಾಮೆರಾಗಳಿಗೂ ಈ ಪಾಡು ತಪ್ಪಿರಲಿಲ್ಲ. ಆರಿ ಅಲೆಕ್ಸಾ 2010ರಲ್ಲಿ ಬಂದಾಗ ಆರಿರಾ, ಅಂದರೆ ಆ ಕಂಪನಿಯ ರಾ, ಬೇಕಾದವರು ಕೋಡೆಕ್ಸ್‌ನಂಥ ರೆಕಾರ್ಡರನ್ನು ಪಕ್ಕಕ್ಕೆ ಕಟ್ಟಿಕೊಳ್ಳುತ್ತಿದ್ದರು. 2013ರ ಅಲೆಕ್ಸಾ ಎಕ್ಸ್‌ಟಿಯಲ್ಲಿ ಆ ಕೆಲಸ ಕ್ಯಾಮೆರಾದ ಒಳಗೇ ಆಗತೊಡಗಿತು.

ಇದರ ಹಿಂದೆ ಪೇಟೆಂಟ್ ಜಗಳವೂ ಇದೆ. ಕಂಪ್ರೆಸ್ ಮಾಡಿದ ರಾ ವಿಡಿಯೋವನ್ನು ಕ್ಯಾಮೆರಾದ ಒಳಗೇ ರೆಕಾರ್ಡ್ ಮಾಡುವುದಕ್ಕೆ ರೆಡ್ ಕಂಪನಿಯ ಪೇಟೆಂಟ್ ಇತ್ತು. ಆಪಲ್ ಅದನ್ನು ಪ್ರಶ್ನಿಸಿತು, 2019ರಲ್ಲಿ ಆ ಅರ್ಜಿ ಬಿದ್ದುಹೋಯಿತು. ನಿಕಾನ್ ತನ್ನ ಝಡ್9ರಲ್ಲಿ ಒಳಗೇ ರಾ ಕೊಟ್ಟಾಗ ರೆಡ್ 2022ರಲ್ಲಿ ಕೇಸು ಹಾಕಿತು, ಮರುವರ್ಷ ಕೇಸು ಮುಗಿಯಿತು. 2024ರಲ್ಲಿ ನಿಕಾನ್ ರೆಡ್ ಕಂಪನಿಯನ್ನೇ ಕೊಂಡಿತು! ಇಷ್ಟು ವರ್ಷ ಹಲವು ಕ್ಯಾಮೆರಾಗಳಲ್ಲಿ ರಾ ಅನ್ನುವುದು ಕೇಬಲ್ ತುದಿಯಲ್ಲಷ್ಟೇ ಸಿಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ರೆಕಾರ್ಡರ್ ಕಂಪನಿಗಳ ಬೆಳೆ ಬೆಳೆದದ್ದೂ ಈ ಸಂದಿಯಲ್ಲೇ.

ಹಾಗಾಗಿ ಯಾವ ರೆಕಾರ್ಡರ್ ಎಂದು ಕೇಳುವ ಮೊದಲು ಬೇರೆ ಎರಡು ವಿಷಯ ನೋಡಿ. ನಿಮ್ಮ ಕ್ಯಾಮೆರಾ ಕಾರ್ಡ್‌ಗೆ ಏನು ಬರೆಯುತ್ತದೆ? ಕೇಬಲ್‌ನಲ್ಲಿ ಏನು ಕಳಿಸುತ್ತದೆ? ಎರಡರ ನಡುವಿನ ವ್ಯತ್ಯಾಸ ಎಷ್ಟಿದೆಯೋ ರೆಕಾರ್ಡರ್‌ನಿಂದ ಪಿಕ್ಚರ್‌ಗೆ ಆಗುವ ಲಾಭವೂ ಅಷ್ಟೇ.

ಮೊದಲು ಎ7 ಮಾರ್ಕ್ 3 ನೋಡೋಣ. ಅದು 4ಕೆಯಲ್ಲಿ ಕಾರ್ಡ್‌ಗೆ ಬರೆಯುವುದು 8 ಬಿಟ್, 4:2:0 (ಬಣ್ಣದ ಮಾಹಿತಿಯ ಪ್ರಮಾಣ, ಮುಂದೆ ಹೇಳುತ್ತೇನೆ). ಎಚ್‌ಡಿಎಂಐಯಲ್ಲಿ ಬರುವುದು 8 ಬಿಟ್, 4:2:2. ಬಿಟ್ ಜಾಸ್ತಿ ಆಗಲಿಲ್ಲ, ಗಮನಿಸಿ. ರೆಕಾರ್ಡರ್‌ನಲ್ಲಿ ಪ್ರೋರೆಸ್ ಎಚ್‌ಕ್ಯೂ (ಪ್ರೋರೆಸ್ ಆಪಲ್‌ನ ವಿಡಿಯೋ ಫಾರ್ಮ್ಯಾಟ್, ಎಚ್‌ಕ್ಯೂ ಅದರ ದೊಡ್ಡ ಫೈಲಿನ ದರ್ಜೆ) ಆರಿಸಿದರೆ ಫೈಲ್ ಮೇಲೆ 10 ಬಿಟ್ ಎಂದೇ ಇರುತ್ತದೆ. ಆದರೆ ಪಾವು ಹಾಲನ್ನು ಸೇರಿನ ಪಾತ್ರೆಗೆ ಸುರಿದರೆ ಹಾಲು ಹೆಚ್ಚಾಗುವುದಿಲ್ಲವಲ್ಲ. ಕ್ಯಾಮೆರಾ ಒಂದೊಂದು ಬಣ್ಣಕ್ಕೆ ಕೊಟ್ಟದ್ದು 256 ಮಟ್ಟ. 1024 ಮಟ್ಟ ಹಿಡಿಯುವ ಫೈಲ್‌ನಲ್ಲಿ ಇಟ್ಟರೂ ಅದು 256ನೇ. ಆಕಾಶದಲ್ಲಿ, ಹಿಂದಿನ ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುವ ಬ್ಯಾಂಡಿಂಗ್ ಹಾಗೇ ಉಳಿಯುತ್ತದೆ. ಆ ಕ್ಯಾಮೆರಾದಲ್ಲಿ ಸೋನಿಯ ಲಾಗ್ ಆದ ಎಸ್-ಲಾಗ್3 ಹಾಕಲೇಬೇಡಿ, ರೆಕಾರ್ಡರ್ ಇದ್ದರೂ ಅಷ್ಟೇ.

ಆದರೆ 4:2:2ರ ಲಾಭ ಬಯಲಾಟದಲ್ಲಿ ಕಣ್ಣಿಗೇ ಕಾಣುತ್ತದೆ. 4:2:0ದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ. 4:2:2ರಲ್ಲಿ ಎರಡಕ್ಕೆ ಒಂದು. ಮುಖದಲ್ಲಿ, ಗಿಡಮರದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಗಾಢ ಕೆಂಪಿನ ಅಂಚಿನಲ್ಲಿ. ಬಡಗುತಿಟ್ಟಿನ ವೇಷದ ಚೌಕಳಿ ಕಸೆಸೀರೆಯನ್ನೇ ತೆಗೆದುಕೊಳ್ಳಿ. ಕೆಂಪು ಮುಗಿದು ಕಪ್ಪು ಶುರುವಾಗುವ ಗೆರೆ ಇದೆಯಲ್ಲ, ಅದನ್ನು ಎಡಿಟಿಂಗ್‌ನಲ್ಲಿ ಎರಡು ಪಟ್ಟು ಹಿಗ್ಗಿಸಿ ನೋಡಿ. ಕಾರ್ಡ್‌ನ ಫೈಲ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ, ಕೆಂಪು ಸ್ವಲ್ಪ ಆಚೆ ಸೋರಿದ ಹಾಗೆ ಕಾಣುತ್ತದೆ. ವೇಷ ಗಿರಕಿ ಹೊಡೆಯುವಾಗ ಇನ್ನೂ ಜಾಸ್ತಿ, ಯಾಕೆಂದರೆ ಸೆಕೆಂಡಿಗೆ 100 ಮೆಗಾಬಿಟ್‌ನ ಕಂಪ್ರೆಶನ್ ಅಲ್ಲಿ ಏದುಸಿರು ಬಿಡುತ್ತಿರುತ್ತದೆ. ಪ್ರೋರೆಸ್ ಫೈಲ್‌ನಲ್ಲಿ ಆ ಗೆರೆ ಸಾಕಷ್ಟು ಶುದ್ಧವಾಗಿ ನಿಲ್ಲುತ್ತದೆ.

ಈಗ ಎಫ್‌ಎಕ್ಸ್3. ಇದು ಒಳಗೇ 10 ಬಿಟ್ 4:2:2 ಬರೆಯುತ್ತದೆ. ಸೋನಿಯ ಎಕ್ಸ್‌ಎವಿಸಿ ಎಸ್-ಐ ಫಾರ್ಮ್ಯಾಟ್ ಆರಿಸಿದರೆ 4ಕೆ 25 ಫ್ರೇಮ್‌ಗೆ 250 ಮೆಗಾಬಿಟ್. ಗಂಟೆಗೆ ಸುಮಾರು 112 ಜಿಬಿ. ಅದೇ ಪಿಕ್ಚರನ್ನು ರೆಕಾರ್ಡರ್‌ನಲ್ಲಿ ಪ್ರೋರೆಸ್ 422 ಎಚ್‌ಕ್ಯೂ ಮಾಡಿದರೆ 737 ಮೆಗಾಬಿಟ್, ಗಂಟೆಗೆ 332 ಜಿಬಿ. ಜಾಗ ಮೂರು ಪಟ್ಟು ಹೋಯಿತು. ಪಕ್ಕಪಕ್ಕ ಇಟ್ಟು, ಕಲರ್ ಮಾಡಿ, ಥಿಯೇಟರ್‌ನಲ್ಲಿ ತೋರಿಸಿದರೂ ಯಾವುದು ಯಾವುದೆಂದು ಹೇಳುವವರು ಸಿಗುವುದು ಕಷ್ಟ. ಹಳೆಯ ಕಂಪ್ಯೂಟರ್‌ನಲ್ಲಿ ಪ್ರೋರೆಸ್ ಸಲೀಸಾಗಿ ಓಡುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ಪ್ರಾಕ್ಸಿ (ಎಡಿಟಿಂಗ್‌ಗೆಂದು ಹಗುರವಾದ ನಕಲು ಫೈಲ್) ಮಾಡಿಕೊಂಡರೆ ಸಾಕು, ಡಬ್ಬಿ ಕೊಳ್ಳಬೇಕಿಲ್ಲ.

ರಾ ಬೇರೆ ವಿಷಯ. ಎಫ್‌ಎಕ್ಸ್3 ಎಚ್‌ಡಿಎಂಐ ಮೂಲಕ 16 ಬಿಟ್ ರಾ ಹೊರಗೆ ಕೊಡುತ್ತದೆ, ನಿಂಜಾ ಅದನ್ನು 12 ಬಿಟ್ ಪ್ರೋರೆಸ್ ರಾ ಮಾಡಿ ಉಳಿಸುತ್ತದೆ. 2023ರ 'ದಿ ಕ್ರಿಯೇಟರ್' ಚಿತ್ರವನ್ನು ಹೀಗೇ, ಎಫ್‌ಎಕ್ಸ್3 ಜೊತೆ ಅಟಮೋಸ್ ರೆಕಾರ್ಡರ್ ಕಟ್ಟಿ ತೆಗೆದರು. ನಿಮ್ಮ ಗೆಳೆಯರ ತಲೆಯಲ್ಲಿ ಇರುವುದೂ ಬಹುಶಃ ಅದೇ. ಆ ಚಿತ್ರದ ಬಜೆಟ್ ಸುಮಾರು 8 ಕೋಟಿ ಡಾಲರ್. ಶೂಟಿಂಗ್ ಆದ ಮೇಲೆ ತಿಂಗಳುಗಟ್ಟಲೆ ವಿಎಫ್‌ಎಕ್ಸ್ ಮಾಡುವ ಜನ ಇದ್ದರು, ಆ ರಾ ಫೈಲ್ ಅವರಿಗೆ ಬೇಕಿತ್ತು. ನಿಮ್ಮ ಕಿರುಚಿತ್ರದಲ್ಲಿ ಗ್ರೀನ್ ಮ್ಯಾಟ್ ಇದೆಯಾ? ಒಂದೇ ಶಾಟ್‌ನಲ್ಲಿ ಕತ್ತಲ ಕೋಣೆ, ಹೊರಗೆ ಸುಡುಬಿಸಿಲು ಎರಡೂ ಇವೆಯಾ? ಇದ್ದರೆ ರಾ ಯೋಚಿಸಿ. ಇಲ್ಲದಿದ್ದರೆ ಸುಮ್ನೆ ಹಾರ್ಡ್ ಡಿಸ್ಕ್ ತುಂಬಿಸಿದ ಹಾಗೆ.

ರಾ ತೆಗೆದವರು ಮೊದಲ ದಿನ ಗಾಬರಿ ಬೀಳುವುದು ನಾಯ್ಸ್, ಅಂದರೆ ಪಿಕ್ಚರ್ ಮೇಲಿನ ಕಾಳುಕಾಳು, ನೋಡಿ. ಕಾರ್ಡ್‌ಗೆ ಬರೆಯುವಾಗ ಕ್ಯಾಮೆರಾ ತಾನೇ ನಾಯ್ಸ್ ತೆಗೆಯುತ್ತದೆ, ಶಾರ್ಪ್ ಮಾಡುತ್ತದೆ. ರಾದಲ್ಲಿ ಅದು ಯಾವುದೂ ಆಗುವುದಿಲ್ಲ. ಆ ಕೆಲಸ ಡಿಐ (ಶೂಟಿಂಗ್ ಆದ ಮೇಲೆ ಬಣ್ಣ ತಿದ್ದುವ ಕೆಲಸ) ಮಾಡುವವರ ಪಾಲಿಗೆ ಬರುತ್ತದೆ. ಎಸ್-ಲಾಗ್3ರಲ್ಲಿ ಎಫ್‌ಎಕ್ಸ್3ರ ಮೂಲ ಐಎಸ್‌ಒ 800 ಮತ್ತು 12800. ಇವೆರಡನ್ನು ಬಿಟ್ಟು ಅಲ್ಲಿ ಇಲ್ಲಿ ಅಲೆಯಬೇಡಿ. ಬೆಳಕು ಒಂದು ಸ್ಟಾಪ್ ಜಾಸ್ತಿಯೇ ಇರಲಿ.

ಡಿಐ ಮಾಡುವವರನ್ನು ಶೂಟಿಂಗ್‌ಗೆ ಮೊದಲೇ ಕೇಳಬೇಕಾದ ಮಾತೂ ಒಂದಿದೆ. ನಮ್ಮಲ್ಲಿ ಕಲರ್ ಕೆಲಸ ಬಹುಪಾಲು ಡವಿಂಚಿ ರಿಸಾಲ್ವ್‌ನಲ್ಲಿ ನಡೆಯುತ್ತದೆ. ಪ್ರೋರೆಸ್ ರಾ 2018ರಲ್ಲಿ ಬಂದರೂ ರಿಸಾಲ್ವ್ ಎಷ್ಟೋ ವರ್ಷ ಅದನ್ನು ತೆರೆಯುತ್ತಲೇ ಇರಲಿಲ್ಲ. ಈಚಿನ ಆವೃತ್ತಿಗಳಲ್ಲಿ ತೆರೆಯುತ್ತದೆ. ನೀವು ಹೋಗುವ ಸ್ಟುಡಿಯೋದಲ್ಲಿ ಹಳೆಯ ಆವೃತ್ತಿ ಇದ್ದರೆ ಮತ್ತೆ ಕನ್ವರ್ಟ್ ಮಾಡುತ್ತಾ ಕೂರಬೇಕಾಗುತ್ತದೆ. ಒಂದು ನಿಮಿಷದ ಕ್ಲಿಪ್ ತೆಗೆದು ಅವರಿಗೆ ಕೊಡಿ. ಅವರ ಮಾನಿಟರ್‌ನಲ್ಲಿ ಬಣ್ಣ ಸರಿಯಾಗಿ ತೆರೆದುಕೊಂಡರೆ ಮುಂದಿನ ಮಾತು. ಈ ಪರೀಕ್ಷೆ ಮುಗಿಯದೆ ರಾಗೆ ಕೈಹಾಕಬೇಡಿ ಎಂದೇ ನನ್ನ ಸಲಹೆ. ಮಾಡಿಯೇ ಮಾಡುತ್ತೀರಿ ಎಂದಾದರೆ ನಾಲ್ಕು ದಿನಕ್ಕೆ ರೆಕಾರ್ಡರನ್ನು ಬಾಡಿಗೆಗೆ ತನ್ನಿ. ಜೊತೆಗೆ ಕ್ಯಾಮೆರಾದ ಕಾರ್ಡ್‌ನಲ್ಲೂ ರೆಕಾರ್ಡ್ ಆಗುತ್ತಿರಲಿ. ಎಡಿಟಿಂಗ್‌ಗೂ ಆಯಿತು, ಕೇಬಲ್ ಕೈಕೊಟ್ಟರೆ ಬ್ಯಾಕಪ್ಪೂ ಆಯಿತು.

ಇನ್ನು ಬಯಲಾಟ. ರೆಕಾರ್ಡರ್‌ಗೆ ನಿಜವಾದ ಕೆಲಸ ಇರುವುದು ಇಲ್ಲಿ.

ಎ7 ಮಾರ್ಕ್ 3 ಒಂದೇ ಸಲಕ್ಕೆ ಹೆಚ್ಚೆಂದರೆ 29 ನಿಮಿಷ ರೆಕಾರ್ಡ್ ಮಾಡಿ ನಿಂತುಬಿಡುತ್ತದೆ. ಭಾಗವತರು ಪದ ಎತ್ತುವ ಹೊತ್ತಿಗೇ ನಿಲ್ಲಬಹುದು. ರೆಕಾರ್ಡರ್ ಇದ್ದರೆ ಕ್ಯಾಮೆರಾ ತಾನು ರೆಕಾರ್ಡ್ ಮಾಡುವುದೇ ಬೇಡ. ಲೈವ್ ಪಿಕ್ಚರ್ ಕಳಿಸುತ್ತಾ ಕೂತರೆ ಸಾಕು, ಆ ಮಿತಿ ಅನ್ವಯವಾಗುವುದಿಲ್ಲ. ಬಿಸಿಯೂ ಕಡಿಮೆ. ಎಫ್‌ಎಕ್ಸ್3ಕ್ಕೆ ಆ ಮಿತಿ ಇಲ್ಲ, ಒಳಗೆ ಫ್ಯಾನ್ ಇದೆ, ಎರಡು ಕಾರ್ಡ್ ಸ್ಲಾಟ್ ಇವೆ. 140 ಮೆಗಾಬಿಟ್‌ನ ಎಕ್ಸ್‌ಎವಿಸಿ ಎಸ್ ಹಾಕಿ ಒಂದು ಕಾರ್ಡ್ ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಹಾಗೆ ಇಟ್ಟರೆ ಗಂಟೆಗೆ 63 ಜಿಬಿಯಲ್ಲಿ ಮುಗಿಯುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಾಡಿ. ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ತೆಗೆಯಿರಿ, ಚೆಂಡೆಯವರ ಕೈ ತೆಗೆಯಿರಿ. ಎ7 ಮಾರ್ಕ್ 3 ಮಾತ್ರ ರಂಗಸ್ಥಳದ ಎದುರು ಟ್ರೈಪಾಡ್ ಮೇಲೆ, ರೆಕಾರ್ಡರ್ ಜೊತೆ, ಬೆಳಗಿನ ತನಕ ಅಲ್ಲಾಡದೆ ಕೂರಲಿ.

ಅದರಲ್ಲಿ ಯಾವ ಪ್ರೋರೆಸ್? ಎಚ್‌ಕ್ಯೂ ಖಂಡಿತ ಬೇಡ. 8 ಬಿಟ್ ಪಿಕ್ಚರ್‌ಗೆ ಎಲ್‌ಟಿ, ಅಂದರೆ ಪ್ರೋರೆಸ್‌ನ ಹಗುರ ದರ್ಜೆ, ಧಾರಾಳ. 4ಕೆ 25 ಫ್ರೇಮ್‌ನಲ್ಲಿ ಎಲ್‌ಟಿ ಗಂಟೆಗೆ 154 ಜಿಬಿ. ಎಂಟು ಗಂಟೆಯ ಆಟಕ್ಕೆ 1230 ಜಿಬಿ ಆಸುಪಾಸು, ಅಂದರೆ 2 ಟಿಬಿಯ ಒಂದು ಎಸ್‌ಎಸ್‌ಡಿ. ಫುಲ್ ಎಚ್‌ಡಿಯಲ್ಲಿ ಪ್ರೋರೆಸ್ 422 ಮಾಡಿದರೆ ಗಂಟೆಗೆ 55 ಜಿಬಿ, ಇಡೀ ರಾತ್ರಿ 440 ಜಿಬಿಯಲ್ಲಿ ಮುಗಿಯಿತು. ಆದರೂ ನಾನು 4ಕೆ ಎಲ್‌ಟಿಯನ್ನೇ ಹೇಳುತ್ತೇನೆ. ಕ್ಯಾಮೆರಾ ಒಂದೇ ಕಡೆ ನಿಂತಿರುವುದರಿಂದ ಎಡಿಟಿಂಗ್‌ನಲ್ಲಿ ಒಂದು ವೇಷವನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕಾಗುತ್ತದೆ, ಅದಕ್ಕೆ ಆ ಪಿಕ್ಸೆಲ್ ಬೇಕು. ಇನ್ನೊಂದು ವಿಷಯ. ಫುಲ್ ಎಚ್‌ಡಿಯಲ್ಲಿ ಕೆಲವು ಕ್ಯಾಮೆರಾಗಳು 25 ಫ್ರೇಮನ್ನು 50ಐ (ಒಂದೊಂದು ಫ್ರೇಮನ್ನೂ ಎರಡು ಅರ್ಧ ಮಾಡಿ ಕಳಿಸುವ ಕ್ರಮ) ಒಳಗೆ ಸುತ್ತಿ ಕಳಿಸುತ್ತವೆ. ರೆಕಾರ್ಡರ್‌ನಲ್ಲಿ ಅದನ್ನು ಬಿಚ್ಚುವ ಸೆಟ್ಟಿಂಗ್ ಹಾಕದಿದ್ದರೆ ಕುಣಿತದಲ್ಲಿ ಬಾಚಣಿಗೆಯಂಥ ಗೆರೆಗಳು ಕಾಣುತ್ತವೆ. 4ಕೆಯಲ್ಲಿ ಈ ತಾಪತ್ರಯ ಇಲ್ಲ.

ಎಸ್‌ಎಸ್‌ಡಿ ಆರಿಸುವುದರಲ್ಲಿ ಜನ ಎಡವುವುದು ಜಾಸ್ತಿ. ಡಬ್ಬಿಯ ಮೇಲೆ ಸೆಕೆಂಡಿಗೆ 500 ಎಂಬಿ ಎಂದು ಬರೆದಿರುತ್ತದೆ. ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಗಳಲ್ಲಿ ಆ ವೇಗ ಮೊದಲ ಕೆಲವು ಹತ್ತು ಜಿಬಿಗೆ ಮಾತ್ರ. ವೇಗದ ಕ್ಯಾಶ್ ತುಂಬಿದ ಮೇಲೆ ಕೆಲವು 100 ಎಂಬಿಗಿಂತ ಕೆಳಗಿಳಿಯುತ್ತವೆ. ಪ್ರೋರೆಸ್ ಎಚ್‌ಕ್ಯೂ 4ಕೆ 25ಕ್ಕೆ ಬೇಕಾಗುವುದೇ 92 ಎಂಬಿ. ಕೂದಲೆಳೆಯಲ್ಲಿ ಫ್ರೇಮ್ ಬಿಡಲು ಶುರುವಾಗುತ್ತದೆ. ಐದು ನಿಮಿಷ ಟೆಸ್ಟ್ ಮಾಡಿದರೆ ಇದು ಸಿಕ್ಕಿಬೀಳುವುದೇ ಇಲ್ಲ. ಎರಡು ಕಂಪನಿಗಳೂ ತಮ್ಮ ಯಂತ್ರಕ್ಕೆ ಹೊಂದುವ ಎಸ್‌ಎಸ್‌ಡಿಗಳ ಪಟ್ಟಿ ಕೊಟ್ಟಿವೆ, ಅದರಿಂದಲೇ ಆರಿಸಿ. ಆಮೇಲೆ ಮನೆಯಲ್ಲಿ ಫ್ಯಾನ್ ತಿರುಗುವುದನ್ನು ಫ್ರೇಮಿನಲ್ಲಿಟ್ಟು ಡಿಸ್ಕ್ ಪೂರ್ತಿ ತುಂಬುವ ತನಕ ರೆಕಾರ್ಡ್ ಮಾಡಿ. ಫ್ರೇಮ್ ಬಿಟ್ಟರೆ ಸ್ಕ್ರೀನ್ ಮೇಲೆ ಎಚ್ಚರಿಕೆ ಬರುತ್ತದೆ. ಫಾರ್ಮ್ಯಾಟ್ ಯಾವಾಗಲೂ ರೆಕಾರ್ಡರ್‌ನಲ್ಲೇ ಮಾಡಿ, ಕಂಪ್ಯೂಟರ್‌ನಲ್ಲಿ ಬೇಡ.

ಕರೆಂಟಿನ ವಿಷಯಕ್ಕೆ ಬಂದರೆ ಎರಡು ಯಂತ್ರಗಳ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ. ನಿಂಜಾ ವಿ ಹಿಂದೆ ಒಂದೇ ಎನ್‌ಪಿ-ಎಫ್ ಬ್ಯಾಟರಿ ಕೂರುತ್ತದೆ. ದೊಡ್ಡ 970 ಹಾಕಿದರೂ ಎರಡು ಗಂಟೆ ಚಿಲ್ಲರೆ ಎಂದು ಇಟ್ಟುಕೊಳ್ಳಿ. ಬದಲಾಯಿಸಬೇಕಾದರೆ ಯಂತ್ರ ಆಫ್ ಆಗಬೇಕು. 7 ಇಂಚಿನ ವಿಡಿಯೋ ಅಸಿಸ್ಟ್ 12ಜಿ ಹಿಂದೆ ಎರಡು ಬ್ಯಾಟರಿ, ಒಂದು ಓಡುತ್ತಿರುವಾಗ ಇನ್ನೊಂದನ್ನು ತೆಗೆದು ಹಾಕಬಹುದು. ನಿಂಜಾ ಆದರೆ ಡಮ್ಮಿ ಬ್ಯಾಟರಿಯ ಮೂಲಕ ಅಡಾಪ್ಟರ್ ಅಥವಾ ವಿ-ಮೌಂಟ್ ಎಂಬ ದೊಡ್ಡ ಬ್ಯಾಟರಿ ಕೊಡಿ. ಬಯಲಾಟದ ಲೈಟಿಂಗ್‌ನವರ ಜನರೇಟರ್‌ಗೆ ಅಡಾಪ್ಟರನ್ನು ನೇರವಾಗಿ ಸಿಕ್ಕಿಸಬೇಡಿ, ನಡುವೆ ಒಂದು ಸಣ್ಣ ಯುಪಿಎಸ್ ಇರಲಿ. ಕರೆಂಟ್ ಹೋದ ಕ್ಷಣ ಓಡುತ್ತಿದ್ದ ಫೈಲ್ ಸರಿಯಾಗಿ ಮುಚ್ಚಿಕೊಳ್ಳದೆ ಹಾಳಾಗಬಹುದು. ಅದಕ್ಕೇ ಎಂಟು ಗಂಟೆಯನ್ನು ಒಂದೇ ಕ್ಲಿಪ್ ಮಾಡಬೇಡಿ. ಗಂಟೆಗೊಮ್ಮೆ, ಒಂದು ವೇಷ ಒಳಗೆ ಹೋಗಿ ಇನ್ನೊಂದು ಬರುವ ಹೊತ್ತು ನೋಡಿ, ನಿಲ್ಲಿಸಿ ಮತ್ತೆ ಶುರು ಮಾಡಿ. ಆ ಎರಡು ಸೆಕೆಂಡ್ ಎಫ್‌ಎಕ್ಸ್3ರಲ್ಲಿ ಇದ್ದೇ ಇರುತ್ತದೆ.

ಕ್ಯಾಮೆರಾಕ್ಕೂ ರಾತ್ರಿ ಇಡೀ ಕರೆಂಟ್ ಬೇಕಲ್ವಾ? ಎ7 ಮಾರ್ಕ್ 3ಕ್ಕೆ ಯುಎಸ್‌ಬಿಯಿಂದ ಕೊಡಬಹುದು, ಒಳಗೆ ಬ್ಯಾಟರಿ ಇರಲಿ. ಮೆನುವಿನಲ್ಲಿ ಬಿಸಿಯಾದರೆ ಆಫ್ ಆಗುವ ಮಟ್ಟವನ್ನು 'ಹೈ'ಗೆ ಇಡಿ.

ಧ್ವನಿಯಲ್ಲೂ ಒಂದು ತೊಡಕಿದೆ. ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ನಿಂದ ಲೈನ್ ತೆಗೆದುಕೊಳ್ಳುತ್ತೀರಿ. ಅದನ್ನು ರೆಕಾರ್ಡರ್‌ಗೆ ನೇರ ಕೊಟ್ಟರೆ ಧ್ವನಿ ಮುಂದೆ, ಪಿಕ್ಚರ್ ಹಿಂದೆ ಆಗುತ್ತದೆ. ಕ್ಯಾಮೆರಾ ಪಿಕ್ಚರ್ ತಯಾರು ಮಾಡಿ ಕೇಬಲ್‌ಗೆ ಬಿಡುವಷ್ಟರಲ್ಲಿ ಕೆಲವು ಫ್ರೇಮ್ ತಡವಾಗಿರುತ್ತದೆ, ಧ್ವನಿಗೆ ಆ ತಡ ಇಲ್ಲ. ಚೆಂಡೆಯ ಪೆಟ್ಟಿನಲ್ಲಿ ಇದು ಎದ್ದು ಕಾಣುತ್ತದೆ. ಕೋಲು ಇನ್ನೂ ಮೇಲಿರುತ್ತದೆ, ಸದ್ದು ಬಂದುಬಿಡುತ್ತದೆ. ಧ್ವನಿಯನ್ನು ಕ್ಯಾಮೆರಾದ ಮೈಕ್ ಜಾಕ್‌ಗೆ, ಮಟ್ಟ ಇಳಿಸುವ ಕೇಬಲ್ ಹಾಕಿ ಕೊಟ್ಟರೆ ಎರಡೂ ಒಟ್ಟಿಗೇ ಎಚ್‌ಡಿಎಂಐಯಲ್ಲಿ ಬರುತ್ತವೆ. ಇಲ್ಲವೇ ರೆಕಾರ್ಡರ್‌ನ ಆಡಿಯೋ ಡಿಲೇ ಸೆಟ್ಟಿಂಗ್ ಬಳಸಿ. ಶುರುವಿನಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆದು ನೋಡಿಕೊಳ್ಳಿ. ನಿಂಜಾದ ಫ್ಯಾನ್ ಸದ್ದು ಬಯಲಾಟದಲ್ಲಿ ಲೆಕ್ಕಕ್ಕಿಲ್ಲ, ಕೋಣೆಯೊಳಗಿನ ಸಂಭಾಷಣೆಯಲ್ಲಿ ಮೈಕ್ ಹತ್ತಿರ ಇದ್ದರೆ ಬೀಳುತ್ತದೆ.

ಕೇಬಲ್ ಬಗ್ಗೆ. ಎಫ್‌ಎಕ್ಸ್3ರಲ್ಲಿ ದೊಡ್ಡ ಎಚ್‌ಡಿಎಂಐ ಪೋರ್ಟ್ ಇದೆ, ಪರವಾಗಿಲ್ಲ. ಎ7 ಮಾರ್ಕ್ 3ರಲ್ಲಿರುವುದು ಮೈಕ್ರೋ ಎಚ್‌ಡಿಎಂಐ, ಉಗುರಿನಷ್ಟು ಅಗಲದ್ದು. ಅದರ ಮೇಲೆ ದಪ್ಪ ಕೇಬಲ್ ಜೋತಾಡಿದರೆ ಮೊದಲು ಪಿಕ್ಚರ್ ಮಿಣುಕುತ್ತದೆ, ಆಮೇಲೆ ಪೋರ್ಟೇ ಸಡಿಲವಾಗುತ್ತದೆ. ಬೋರ್ಡ್ ಬದಲಿಸುವ ಖರ್ಚು ಬೇಡ ಅಂದರೆ ಕ್ಲಾಂಪ್ ಇರುವ ಕೇಜ್ ತಗೊಳ್ಳಿ. ಮೆತ್ತಗಿನ, ಅರ್ಧ ಮೀಟರಿನ ಕೇಬಲ್ ತಗೊಳ್ಳಿ. ಅದರ ಒಂದು ಸುತ್ತನ್ನು ಟ್ರೈಪಾಡ್ ಹಿಡಿಗೆ ವೆಲ್ಕ್ರೋದಿಂದ ಕಟ್ಟಿ. ಯಾರಾದರೂ ಕತ್ತಲಲ್ಲಿ ಎಡವಿದರೂ ಎಳೆತ ಪೋರ್ಟ್‌ಗೆ ಹೋಗಬಾರದು. ಇನ್ನೊಂದು ಕೇಬಲ್ ಜೇಬಿನಲ್ಲಿರಲಿ. ಮೆನುವಿನಲ್ಲಿ ಎಚ್‌ಡಿಎಂಐ ಮಾಹಿತಿ ತೋರಿಸುವುದನ್ನು ಆಫ್ ಮಾಡಿ, ಇಲ್ಲದಿದ್ದರೆ ಬ್ಯಾಟರಿ ಗುರುತು, ಐಎಸ್‌ಒ ಅಂಕಿ ಎಲ್ಲ ರೆಕಾರ್ಡ್ ಆಗಿ ಕೂರುತ್ತವೆ. ಕ್ಯಾಮೆರಾದ ರೆಕಾರ್ಡ್ ಬಟನ್ ಒತ್ತಿದರೆ ರೆಕಾರ್ಡರ್ ಓಡುವ ಸೌಲಭ್ಯ ಕಿರುಚಿತ್ರಕ್ಕೆ ಒಳ್ಳೆಯದು. ಬಯಲಾಟದಲ್ಲಿ ಅದನ್ನು ಆಫ್ ಮಾಡಿ ರೆಕಾರ್ಡರ್‌ನ ಬಟನ್ ಒತ್ತಿ.

ಕಿರುಚಿತ್ರಕ್ಕೆ ಎಫ್‌ಎಕ್ಸ್6 ಥರದ, ಎಸ್‌ಡಿಐ (ದೊಡ್ಡ ಕ್ಯಾಮೆರಾಗಳ ವಿಡಿಯೋ ಕೇಬಲ್ ಪೋರ್ಟ್) ಇರುವ ಕ್ಯಾಮೆರಾ ಬಾಡಿಗೆಗೆ ತಂದರೆ ಇದೊಂದು ನೆನಪಿಡಿ. ರೆಕಾರ್ಡರ್‌ಗೂ ಕ್ಯಾಮೆರಾಕ್ಕೂ ಒಂದೇ ವಿ-ಮೌಂಟ್‌ನಿಂದ ಡಿ-ಟ್ಯಾಪ್ ಎಂಬ ಪವರ್ ಪ್ಲಗ್ ಮೂಲಕ ಕರೆಂಟ್ ಕೊಡುವುದು ರೂಢಿ. ಮೊದಲು ಪವರ್ ಕೇಬಲ್ ಹಾಕಿ, ಆಮೇಲೆ ಎಸ್‌ಡಿಐ. ಬಿಚ್ಚುವಾಗ ಮೊದಲು ಎಸ್‌ಡಿಐ, ಆಮೇಲೆ ಪವರ್. ತಿರುಗಾಮುರುಗಾ ಆದರೆ ಗ್ರೌಂಡ್ ದಾರಿ ತಪ್ಪಿ ಕರೆಂಟ್ ಎಸ್‌ಡಿಐ ತಂತಿಯ ಮೂಲಕವೇ ಹರಿದು ಕ್ಯಾಮೆರಾದ ಎಸ್‌ಡಿಐ ಚಿಪ್ ಸುಡಬಹುದು. ಬಾಡಿಗೆ ಕ್ಯಾಮೆರಾ, ದಂಡ ನಿಮ್ಮದು.

ಯಾವುದು ಕೊಳ್ಳಬೇಕು ಎಂಬ ಮಾತು ಉಳಿಯಿತು. ನಿಮ್ಮ ಕೆಲಸಕ್ಕೆ ನಾನಾದರೆ 7 ಇಂಚಿನ ವಿಡಿಯೋ ಅಸಿಸ್ಟ್ 12ಜಿ ಕಡೆ ಒಲಿಯುತ್ತೇನೆ. ಎರಡು ಬ್ಯಾಟರಿ ಇದೆ, ಎಸ್‌ಡಿಐ ಇದೆ, 2500 ನಿಟ್ಸ್ ಪ್ರಖರತೆಯ ಸ್ಕ್ರೀನ್ ಮದುವೆ ಮನೆಯ ಅಂಗಳದ ಬಿಸಿಲಲ್ಲೂ ಕಾಣುತ್ತದೆ. ನಿಂಜಾ ವಿ 1000 ನಿಟ್ಸ್, ಹಗಲಲ್ಲಿ ಹುಡ್ ಬೇಕು. ಆದರೆ ನಿಂಜಾ ಹಗುರ, ಗಿಂಬಲ್ ಮೇಲೆ ಕೂರುತ್ತದೆ. ಎಫ್‌ಎಕ್ಸ್3ರಿಂದ ಪ್ರೋರೆಸ್ ರಾ ಬೇಕೇಬೇಕು ಎಂದಾದರೆ ಅದೇ ಸರಿ. ವಿಡಿಯೋ ಅಸಿಸ್ಟ್ ರಾ ಸಿಗ್ನಲನ್ನು ಬ್ಲ್ಯಾಕ್‌ಮ್ಯಾಜಿಕ್ ರಾ ಮಾಡಿ ಉಳಿಸುತ್ತದೆ, ಪಟ್ಟಿಯಲ್ಲಿರುವ ಕ್ಯಾಮೆರಾಗಳಿಗೆ ಮಾತ್ರ. ಎರಡರಲ್ಲೂ ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್, ಫಾಲ್ಸ್ ಕಲರ್ ಇವೆ. ಎಸ್-ಲಾಗ್3ರಲ್ಲಿ ಗ್ರೇ ಕಾರ್ಡ್ 41 ಪರ್ಸೆಂಟ್‌ಗೆ ಕೂರುವ ಹಾಗೆ ಲೈಟ್ ಇಡುವುದು ಕ್ಯಾಮೆರಾದ ಮೂರಿಂಚಿನ ಪರದೆಯಲ್ಲಿ ಆಗುವ ಕೆಲಸ ಅಲ್ಲ. ನಿಜ ಹೇಳಬೇಕೆಂದರೆ ಎಫ್‌ಎಕ್ಸ್3 ಮೇಲೆ ಈ ಡಬ್ಬಿಯ ದೊಡ್ಡ ಉಪಯೋಗ ಮಾನಿಟರ್ ಆಗಿಯೇ.

ಸೆಕೆಂಡ್ ಹ್ಯಾಂಡ್ ಸಾಕಷ್ಟು ಸಿಗುತ್ತವೆ. ಕೊಳ್ಳಲು ಹೋಗುವಾಗ ನಿಮ್ಮದೇ ಕ್ಯಾಮೆರಾ, ಕೇಬಲ್, ಎಸ್‌ಎಸ್‌ಡಿ ಒಯ್ಯಿರಿ. ಅರ್ಧ ಗಂಟೆ ಅಲ್ಲೇ ಓಡಿಸಿ, ಫ್ಯಾನ್ ಗೊರಗೊರ ಅನ್ನುತ್ತದೆಯಾ ಕೇಳಿ. ಕೇಬಲ್ ತುದಿಯನ್ನು ಮೆಲ್ಲಗೆ ಅಲ್ಲಾಡಿಸಿ, ಪಿಕ್ಚರ್ ಮಿಣುಕಿದರೆ ಬೇಡ ಅನ್ನಿ. ನಿಂಜಾದಲ್ಲಿ ಕೆಲವು ಕೋಡೆಕ್‌ಗಳನ್ನು (ರೆಕಾರ್ಡಿಂಗ್ ಫಾರ್ಮ್ಯಾಟ್‌ಗಳನ್ನು) ಬೇರೆಯಾಗಿ ಆ್ಯಕ್ಟಿವೇಟ್ ಮಾಡಿಸಿಕೊಳ್ಳಬೇಕಾಗುತ್ತದೆ. ಮಾರುವವರು ಅದನ್ನು ಮಾಡಿಸಿದ್ದಾರಾ ಎಂದು ಮೆನು ತೆರೆದು ನೋಡಿ, ರೇಟು ಮಾತಾಡುವುದು ಆಮೇಲೆ.